ಫಿಟ್ಸ್ ನಿಂತಿದೆ, ಆದ್ರೆ ರಾತ್ರಿ ಕಲಿತ ಮಗ್ಗಿ ಬೆಳಿಗ್ಗೆ ಇರಲ್ಲ

ನಿದ್ದೆಗೆಟ್ಟ ಅಮ್ಮ:
ಮಗನಿಗೆ ಈಗ ಎಂಟು ವರ್ಷ. ಆರರಲ್ಲಿ ಅಬ್ಸೆನ್ಸ್ ಎಪಿಲೆಪ್ಸಿ, ಒಂಥರದ ಮೂರ್ಛೆರೋಗ ಅಂತ ಗೊತ್ತಾಯ್ತು. ಆಡ್ತಾ ಆಡ್ತಾ ಹತ್ತು ಸೆಕೆಂಡ್ ಕಣ್ಣು ನೆಟ್ಟು ನಿಂತುಬಿಡೋನು, ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಆಟ ಮುಂದುವರಿಸೋನು. ಗೊತ್ತಾಗೋಕೆ ಮುಂಚೆ ಒಂದು ವರ್ಷ "ಎಲ್ಲಿದ್ಯೋ, ಕೂಗಿದ್ದು ಕೇಳಲ್ವಾ" ಅಂತ ಗದರಿದ್ದೀನಿ. ಅದನ್ನ ನೆನೆಸಿಕೊಂಡ್ರೆ ಈಗಲೂ ಕರುಳು ಹಿಂಡುತ್ತೆ. ಡಾಕ್ಟರು ಜೋರಾಗಿ ಉಸಿರು ಬಿಡಿಸುತ್ತಾ ಕೂರಿಸಿದಾಗ ಎರಡೇ ನಿಮಿಷಕ್ಕೆ ನಮ್ಮ ಕಣ್ಣೆದುರೇ ಬಂತು.

ವಾಲ್‌ಪ್ರೊಯೇಟ್ ಅನ್ನೋ ಮಾತ್ರೆ ಶುರು ಮಾಡಿದ್ಮೇಲೆ ಹತ್ತು ತಿಂಗಳಿಂದ ಒಂದೂ ಬಂದಿಲ್ಲ. ಈಗಿನ ಗೋಳು ಬೇರೆ. ರಾತ್ರಿ ಏಳರ ಮಗ್ಗಿ ತಪ್ಪಿಲ್ಲದೆ ಒಪ್ಪಿಸ್ತಾನೆ. ಬೆಳಿಗ್ಗೆ "ಏಳ್ಮೂರ್ಲಿ?" ಅಂದ್ರೆ ನನ್ನ ಮುಖ ನೋಡ್ತಾನೆ. ಬೋರ್ಡ್ ಮೇಲಿನ ಐದು ಸಾಲಲ್ಲಿ ಎರಡು ಇಳಿಸ್ಕೊಳ್ಳೋಷ್ಟರಲ್ಲಿ ಅಳಿಸಿರ್ತಾರಂತೆ. "ಚೀಲ ಒಳಗಿಡು, ಕೈ ತೊಳಕೋ, ಡೈರಿ ತಗೊಂಡು ಬಾ" ಅಂದ್ರೆ ಚೀಲ ಇಟ್ಟು ಅಲ್ಲೇ ನಿಂತಿರ್ತಾನೆ. ಡಾಕ್ಟರನ್ನ ಕೇಳಿದ್ರೆ "ಫಿಟ್ಸ್ ಕಂಟ್ರೋಲ್ ಆಗಿದೆಯಲ್ಲ, ಖುಷಿಪಡಿ" ಅಂದ್ರು. ಖುಷಿ ಇದೆ. ಆದ್ರೆ ಇದು ರೋಗದ್ದಾ, ಮಾತ್ರೆದಾ, ಇಲ್ಲ ಮನೆಯವರು ಅನ್ನೋ ಹಾಗೆ ಬರೀ ಸೋಮಾರಿತನಾನಾ? ಯಾರಾದ್ರೂ ಅನುಭವ ಇದ್ರೆ ಹೇಳಿ.

ಅಜ್ಜಿ ಮೊಬೈಲ್:
ಗಂಡುಹುಡುಗರು ಸ್ವಲ್ಪ ನಿಧಾನನೇ ಕಣಮ್ಮ. ನಮ್ಮ ಮನೆಯಲ್ಲಿ ಮಗ್ಗಿ ಬಾರದವನೇ ಇವತ್ತು ಲೆಕ್ಕಪತ್ರ ನೋಡ್ತಾನೆ. ತಲೆ ಕೆಡಿಸ್ಕೋಬೇಡ.

ಸೀದಾಮಾತು:
ಅಜ್ಜಿ, ಸಮಾಧಾನ ಮಾಡೋದು ಸರಿ, ಆದ್ರೆ ಇಲ್ಲಿ ಅದು ಸಾಲಲ್ಲ. ನಾನು ಹೇಳ್ತೀನಿ, ಮಾತ್ರೆನೇ. ನಮ್ಮ ಮಗಳಿಗೆ ಟೊಪಿರಾಮೇಟ್ ಕೊಡ್ತಿದ್ದಾಗ ಗೊತ್ತಿರೋ ಪದಾನೇ ಬಾಯಿಗೆ ಬರ್ತಿರಲಿಲ್ಲ. ಕತ್ತರಿ ತೋರಿಸಿ "ಅದು... ಅದು... ಕಟ್ ಮಾಡೋದು" ಅನ್ನೋಳು. ಬೇರೆ ಮಾತ್ರೆಗೆ ಬದಲಾಯಿಸಿದ್ಮೇಲೆ ಎರಡು ತಿಂಗಳಲ್ಲಿ ನಮ್ಮ ಹುಡುಗಿ ನಮಗೆ ವಾಪಸ್ ಸಿಕ್ಕಿದ್ಲು. ನನ್ನ ಕೇಳಿದ್ರೆ, ಹತ್ತು ತಿಂಗಳಿಂದ ಬಂದಿಲ್ಲ ಅಂದ್ಮೇಲೆ ಡೋಸ್ ಅರ್ಧ ಮಾಡಿ ಒಂದು ವಾರ ನೋಡಿ. ಗೊತ್ತಾಗಿಬಿಡುತ್ತೆ.

ಅಳತೆಪಟ್ಟಿ:
ಮೊದಲ ಮಾತು: ದಯವಿಟ್ಟು ನೀವಾಗಿ ಅರ್ಧ ಮಾಡಬೇಡಿ. ಮೂರ್ಛೆಯ ಮಾತ್ರೆಯನ್ನು ಥಟ್ಟನೆ ಕಡಿಮೆ ಮಾಡಿದರೆ ಹಳೆಯ ಫಿಟ್ಸ್ ಮಾತ್ರವಲ್ಲ, ಬಿಡದೇ ಬರುವ ದೊಡ್ಡ ಫಿಟ್ಸ್ ಕೂಡ ಬರಬಹುದು. ಸೀದಾಮಾತು ಅವರ ಮಗಳಿಗೂ ಡಾಕ್ಟರೇ ಹಂತಹಂತವಾಗಿ ಬದಲಾಯಿಸಿರುತ್ತಾರೆ.

ನಾನು ಮಕ್ಕಳ ಮನಶ್ಶಾಸ್ತ್ರಜ್ಞೆ. ಕಲಿಕೆಯ ಪರೀಕ್ಷೆಗಳನ್ನು ಮಾಡುವುದೇ ನನ್ನ ಕೆಲಸ. "ರೋಗವೋ, ಮಾತ್ರೆಯೋ" ಎನ್ನುವ ಪ್ರಶ್ನೆಗೆ ಒಂದೇ ಉತ್ತರ ಇರುವುದು ಅಪರೂಪ. ನಿಮ್ಮ ಮಗನಿಗಿರುವ ಕಾಯಿಲೆಯ ಮೇಲೇ ಅಮೆರಿಕದಲ್ಲಿ ಒಂದು ದೊಡ್ಡ ಪ್ರಯೋಗ ನಡೆದು 2010ರಲ್ಲಿ ಪ್ರಕಟವಾಯಿತು. 453 ಮಕ್ಕಳು, ಮೂರು ಔಷಧಿ: ಎಥೊಸುಕ್ಸಿಮೈಡ್, ವಾಲ್‌ಪ್ರೊಯೇಟ್, ಲ್ಯಾಮೊಟ್ರಿಜಿನ್. ಫಿಟ್ಸ್ ತಡೆಯುವುದರಲ್ಲಿ ಮೊದಲ ಎರಡೂ ಹೆಚ್ಚುಕಡಿಮೆ ಸಮ, ಮೂರನೆಯದು ಹಿಂದೆ. ಆದರೆ ಗಮನದ ಪರೀಕ್ಷೆ ಮಾಡಿದಾಗ ವಾಲ್‌ಪ್ರೊಯೇಟ್ ತೆಗೆದುಕೊಂಡವರಲ್ಲಿ ಶೇ. 49ರಷ್ಟು ಮಕ್ಕಳಿಗೆ ತೊಂದರೆ ಕಂಡಿತು, ಎಥೊಸುಕ್ಸಿಮೈಡ್‌ನವರಲ್ಲಿ ಶೇ. 33. ಅಂದರೆ ಮಾತ್ರೆಯ ಪಾಲು ಇದೆ.

ಆದರೆ ಅದೇ ಮಕ್ಕಳನ್ನು ಔಷಧಿ ಶುರುವಾಗುವ ಮುಂಚೆಯೇ ಪರೀಕ್ಷಿಸಿದ್ದರು. ಆಗಲೇ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳಲ್ಲಿ ಗಮನದ ಕೊರತೆ ಇತ್ತು. ಫಿಟ್ಸ್ ಪೂರ್ತಿ ನಿಂತ ಮೇಲೂ ಎಷ್ಟೋ ಮಕ್ಕಳಲ್ಲಿ ಅದು ಹಾಗೇ ಉಳಿಯಿತು. ಹಾಗಾಗಿ "ಫಿಟ್ಸ್ ನಿಂತಿತಲ್ಲ" ಎನ್ನುವುದು ಅರ್ಧ ಉತ್ತರ.

ಸೋಮಾರಿತನದ ಬಗ್ಗೆ. ಮೂರು ಕೆಲಸ ಹೇಳಿದರೆ ಒಂದು ಮಾಡಿ ನಿಲ್ಲುವುದು ಸೋಮಾರಿತನದ ಲಕ್ಷಣವಲ್ಲ. ಸೋಮಾರಿಯಾದವನು ಮೊದಲನೆಯದನ್ನೂ ಮಾಡುವುದಿಲ್ಲ! ಕೇಳಿದ್ದನ್ನು ತಲೆಯಲ್ಲಿ ಹಿಡಿದುಕೊಂಡು ಅದರ ಮೇಲೆ ಕೆಲಸ ಮಾಡುವ ಶಕ್ತಿಗೆ ನಾವು ಕಾರ್ಯಸ್ಮರಣೆ ಅನ್ನುತ್ತೇವೆ. ಮೂರ್ಛೆ ಇರುವ ಮಕ್ಕಳಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ಅದು, ಮತ್ತು ಕೆಲಸದ ವೇಗ. ಬೋರ್ಡಿನಿಂದ ಇಳಿಸಿಕೊಳ್ಳಲು ಎರಡೂ ಬೇಕು.

ನಿದ್ದೆಗೆಟ್ಟ ಅಮ್ಮ:
ಮೇಡಂ, ಹಾಗಾದ್ರೆ ರಾತ್ರಿ ಬಂದ ಮಗ್ಗಿ ಬೆಳಿಗ್ಗೆ ಎಲ್ಲಿ ಹೋಗುತ್ತೆ? ರಾತ್ರಿ ಒಪ್ಪಿಸಿದ್ನಲ್ಲ, ಅಂದ್ರೆ ತಲೆಗೆ ಹೋಗಿತ್ತು ಅಂತ ತಾನೇ?

ಅಳತೆಪಟ್ಟಿ:
ಹೋಗಿತ್ತು, ನೆಲೆ ಊರಿರಲಿಲ್ಲ. ಕಲಿತದ್ದು ಗಟ್ಟಿಯಾಗುವುದು ಆಮೇಲಿನ ಗಂಟೆ, ದಿನಗಳಲ್ಲಿ, ಅದರಲ್ಲೂ ನಿದ್ದೆಯಲ್ಲಿ. ಮೂರ್ಛೆ ಇರುವ ಕೆಲವು ಮಕ್ಕಳು ಅರ್ಧ ಗಂಟೆ ಬಿಟ್ಟು ಕೇಳಿದರೆ ಎಲ್ಲರಂತೆ ಹೇಳುತ್ತಾರೆ, ವಾರ ಬಿಟ್ಟು ಕೇಳಿದರೆ ಬೇರೆ ಮಕ್ಕಳಿಗಿಂತ ಎಷ್ಟೋ ಹೆಚ್ಚು ಮರೆತಿರುತ್ತಾರೆ. ನಮ್ಮ ಕ್ಷೇತ್ರದ ಒಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ: ನೆನಪಿನ ಸಾಮಾನ್ಯ ಪರೀಕ್ಷೆಗಳು ಅರ್ಧ ಗಂಟೆಗೇ ಮುಗಿಯುತ್ತವೆ. ವರದಿಯಲ್ಲಿ "ನೆನಪು ಸಾಮಾನ್ಯ" ಅಂತ ಬರುತ್ತದೆ, ತಾಯಿ ಸುಳ್ಳು ಹೇಳಿದಂತೆ ಆಗುತ್ತದೆ. ಪರೀಕ್ಷೆಗೆ ಹೋದಾಗ ಈ ರಾತ್ರಿ-ಬೆಳಿಗ್ಗೆಯ ವಿಷಯವನ್ನು ಬಿಡಿಸಿ ಹೇಳಿ.

ನಾನೂ ಆ ಹುಡುಗ:
ನನಗೀಗ ನಲವತ್ತೆರಡು. ಏಳನೇ ವಯಸ್ಸಿನಿಂದ ಇದೆ, ಹಣೆಯ ಪಕ್ಕದ ಭಾಗದಿಂದ, ಟೆಂಪೊರಲ್ ಲೋಬ್ ಅನ್ನುತ್ತಾರೆ. ಆಗ ನನಗೆ ಕೊಟ್ಟದ್ದು ಫಿನೊಬಾರ್ಬಿಟೋನ್. ತರಗತಿ ನನಗೆ ನೀರಿನೊಳಗಿಂದ ಕೇಳಿದಂತೆ ಕೇಳುತ್ತಿತ್ತು. ದೊಡ್ಡವನಾದ ಮೇಲೆ ಓದಿದೆ: ಜ್ವರದ ಫಿಟ್ಸ್ ಬಂದ ಪುಟ್ಟ ಮಕ್ಕಳಿಗೆ ಇದೇ ಔಷಧಿ ಕೊಟ್ಟು ನೋಡಿದ ಅಧ್ಯಯನವೊಂದು 1990ರಲ್ಲಿ ಬಂದಿತ್ತು. ಎರಡು ವರ್ಷದ ನಂತರ ಅವರ ಐಕ್ಯೂ, ಖಾಲಿ ಮಾತ್ರೆ ತಿಂದವರಿಗಿಂತ ಸರಾಸರಿ 8.4 ಅಂಕ ಕಡಿಮೆ. ಔಷಧಿ ನಿಲ್ಲಿಸಿ ಆರು ತಿಂಗಳಾದರೂ ಪೂರ್ತಿ ಸರಿಹೋಗಿರಲಿಲ್ಲ. ಓದಿದ ದಿನ ಸಿಟ್ಟು ಬಂತು, ಆಮೇಲೆ ಹೋಯಿತು. ಆ ಮಾತ್ರೆ ಇಲ್ಲದಿದ್ದರೆ ನಾನು ಎಲ್ಲಾದರೂ ಬಿದ್ದು ಸಾಯುತ್ತಿದ್ದೆನೋ ಏನೋ. ಅದು ಅಗ್ಗ, ಈಗಲೂ ಎಷ್ಟೋ ಜನರ ಜೀವ ಕಾಯುತ್ತದೆ. ಎರಡೂ ನಿಜ.

ನನಗೆ ನೋವಾದದ್ದು ಮಾತ್ರೆಯಿಂದಲ್ಲ. "ಪಾಪ, ಅವನಿಗೆ ತಲೆ ಸರಿ ಇಲ್ಲ, ಬಿಡಿ" ಅಂತ ನನ್ನ ಎದುರೇ ಹೇಳುತ್ತಿದ್ದರು. ಬೈದ ಟೀಚರ್‌ಗಳಿಗಿಂತ ಪಾಪ ಅಂದ ಟೀಚರ್‌ಗಳೇ ನನ್ನ ಕಲಿಕೆ ಕೆಡಿಸಿದರು. ಪಾಪ ಅಂದವರು ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದರಲ್ಲ.

ಇನ್ನೊಂದು, ವಿಷಯಾಂತರ ಅನ್ನಿಸಿದರೆ ಕ್ಷಮಿಸಿ. ನೆನಪು ಮೆದುಳಿನಲ್ಲಿ ಹೇಗೆ ಕೂರುತ್ತದೆ ಅಂತ ಜಗತ್ತಿಗೆ ಕಲಿಸಿದವನೂ ನಮ್ಮವನೇ, ಒಬ್ಬ ಮೂರ್ಛೆರೋಗಿ, ಹೆನ್ರಿ ಮೊಲೈಸನ್. 1953ರಲ್ಲಿ ಫಿಟ್ಸ್ ನಿಲ್ಲಿಸಲು ಅವನ ಮೆದುಳಿನ ಎರಡೂ ಕಡೆಯ ಹಿಪೊಕ್ಯಾಂಪಸ್ ಭಾಗವನ್ನು ತೆಗೆದರು. ಆಮೇಲೆ ಹೊಸದೇನೂ ನೆನಪಿನಲ್ಲಿ ನಿಲ್ಲಲಿಲ್ಲ. (ಈಗ ಹಾಗೆ ಎರಡೂ ಕಡೆ ತೆಗೆಯುವುದಿಲ್ಲ, ಹೆದರಬೇಡಿ.) ಆದರೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆ ತಿದ್ದುವುದನ್ನು ಅಭ್ಯಾಸ ಮಾಡಿಸಿದರೆ ದಿನದಿಂದ ದಿನಕ್ಕೆ ಅವನ ಕೈ ಪಳಗುತ್ತಿತ್ತು, ನಿನ್ನೆ ಮಾಡಿದ್ದೇ ಅವನಿಗೆ ಗೊತ್ತಿರುತ್ತಿರಲಿಲ್ಲ! ಕೈ ಕಲಿಯುವ ದಾರಿ ಬೇರೆಯೇ ಇದೆ. ನಾನು ಇಲೆಕ್ಟ್ರಿಕಲ್ ಕೆಲಸ ಕಲಿತದ್ದು ಹಾಗೆ, ಪುಸ್ತಕದಿಂದ ಅಲ್ಲ.

ಸೀದಾಮಾತು:
ಅರ್ಧ ಡೋಸ್ ಮಾತು ವಾಪಸ್ ತಗೊಂಡೆ. ಹೌದು, ಮಗಳಿಗೆ ಆರು ವಾರ ಹಿಡಿದು ನಿಧಾನಕ್ಕೆ ಬದಲಾಯಿಸಿದ್ರು, ಮರೆತಿದ್ದೆ. ಆದ್ರೆ ಒಂದು ಕೇಳ್ತೀನಿ. ಮಾತ್ರೆ ಶುರು ಮಾಡುವಾಗ ಕಲಿಕೆಗೆ ಹೀಗಾಗಬಹುದು ಅಂತ ಒಂದು ಮಾತು ಹೇಳೋಕೆ ಏನು ತೊಂದರೆ? ನಮಗೆ ಯಾರೂ ಹೇಳ್ಲಿಲ್ಲ. ಇನ್ನೊಂದು ಮಾತ್ರೆ, ಲೆವೆಟಿರಾಸಿಟಮ್, ಅದ್ರಲ್ಲಿ ಪದ ಸಿಗ್ತಿತ್ತು, ಸಿಟ್ಟು ಮಾತ್ರ ಮೂಗಿನ ತುದೀಲಿ. ಅದನ್ನೂ ನಾವೇ ಕಂಡುಕೊಂಡಿದ್ದು.

ಸೀಮೆಸುಣ್ಣ:
"ಪಾಪ ಅಂದವರು ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದರು." ಓದಿ ಸುಮ್ಮನೆ ಕೂತೆ ಸ್ವಲ್ಪ ಹೊತ್ತು. ನಾನು ಹತ್ತೊಂಬತ್ತು ವರ್ಷದಿಂದ ಮೂರನೇ ತರಗತಿಗೆ ಪಾಠ ಮಾಡ್ತಿರೋಳು. ಪಾಪ ಅಂದವರಲ್ಲಿ ನಾನೂ ಒಬ್ಬಳು.

ನಮಗೆ ತರಬೇತಿಯಲ್ಲಿ ಹೇಳಿಕೊಡೋದು ಫಿಟ್ಸ್ ಬಂದ್ರೆ ಏನು ಮಾಡ್ಬೇಕು ಅಂತ ಅಷ್ಟೇ. ಪಕ್ಕಕ್ಕೆ ಮಲಗಿಸು, ಬಾಯಿಗೆ ಏನೂ ತುರುಕಬೇಡ, ಗಡಿಯಾರ ನೋಡು, ಐದು ನಿಮಿಷ ದಾಟಿದ್ರೆ ಆಸ್ಪತ್ರೆ. ಉಳಿದ ದಿನಗಳಲ್ಲಿ ಆ ಮಗುವಿಗೆ ಹೇಗೆ ಪಾಠ ಮಾಡ್ಬೇಕು ಅಂತ ಯಾರೂ ಹೇಳಿಲ್ಲ. ಹೊಡೆತ ತಿಂದು ಕಲಿತಿದ್ದು ಹೇಳ್ತೀನಿ.

ಬೋರ್ಡಿಂದ ಇಳಿಸೋ ಕೆಲಸ ಬಿಡಿಸಿಬಿಡಿ. ಬರೆದ ಹಾಳೆಯನ್ನೇ ಕೊಟ್ಟು ಮುಖ್ಯ ಪದದ ಕೆಳಗೆ ಗೆರೆ ಎಳಿ ಅನ್ನಿ. ಕಾಪಿ ಮಾಡೋದು ಕಲಿಕೆ ಅಲ್ಲ, ಅದು ಕೂಲಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಮುಗಿಸಿ ಬಂದು "ಆಯ್ತು" ಅನ್ಲಿ, ಆಮೇಲೆ ಎರಡನೇದು. ಮಗ್ಗಿಯನ್ನ ರಾತ್ರಿ ಒಂದೇ ಸಲ ಅರ್ಧ ಗಂಟೆ ಉರು ಹೊಡೆಸೋ ಬದಲು ಐದೈದು ನಿಮಿಷದಂತೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಮರುದಿನ, ಎರಡು ದಿನ ಬಿಟ್ಟು, ವಾರ ಬಿಟ್ಟು ಮತ್ತೆ. ಒಪ್ಪಿಸು ಅನ್ನೋದಕ್ಕಿಂತ ಮಧ್ಯೆ ಮಧ್ಯೆ ಪ್ರಶ್ನೆ ಕೇಳಿ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡಿಸಿ, ಕೇಳೋಕೆ ಸಂಕೋಚ ಬೇಡ. ಕನ್ನಡಕ ಹಾಕ್ಕೊಂಡು ಬರೆಯೋ ಮಗುವನ್ನ ಯಾರೂ ಮೋಸ ಅನ್ನಲ್ಲವಲ್ಲ.

ಮತ್ತೆ ಬುದ್ಧಿವಂತಿಕೆ ಇವತ್ತಿದ್ದು ನಾಳೆ ಇಲ್ಲದ ಹಾಗೆ ಕಾಣೋದು, ಅದು ನಮ್ಮಂಥವರಿಗೆ ತುಂಬಾ ಗೊಂದಲ. ನಿನ್ನೆ ಮಾಡಿದ ಲೆಕ್ಕ ಇವತ್ತು ಯಾಕೆ ಬರಲ್ಲ, ಬೇಕಂತಲೇ ಮಾಡ್ತಾನೆ ಅನ್ಸುತ್ತೆ. ರಾತ್ರಿ ಫಿಟ್ಸ್ ಬಂದಿದ್ರೆ, ನಿದ್ದೆ ಕೆಟ್ಟಿದ್ರೆ, ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿ. ಆ ಒಂದು ಸಾಲು ಇದ್ರೆ ಆ ದಿನ ನಾನು ಬೇರೆ ಟೀಚರ್.

ಮಾತಿನಮಲ್ಲಿಯ ಅಪ್ಪ:
ನಮ್ಮದು ಬ್ಯಾರೆ ಕತಿ, ಆದ್ರ ಹೇಳಲೇಬೇಕು. ಮಗಳು ಐದು ವರ್ಷಕ್ಕ ಹರಳು ಹುರಿದಂಗ ಮಾತಾಡ್ತಿದ್ಲು. ಆರು ತಿಂಗಳದಾಗ ಮಾತು ಒಂದೊಂದ ಉದುರಿ ಹೋದ್ವು. ಹೆಸರು ಹಿಡಿದು ಕರದ್ರೂ ತಿರುಗಿ ನೋಡತಿರಲಿಲ್ಲ. ಕಿವಿ ಹೋಗೇತಿ ಅಂತ ಕಿವಿ ಡಾಕ್ಟರ್ ಕಡೆ ಓಡಿದ್ವಿ. ಕಿವಿ ಛಲೋ ಐತಿ ಅಂದ್ರು. ಹಠ, ಸಿಟ್ಟು, ಹೊಡಿಯೂದು ಶುರು ಆತು. ತಿಳಿಲಾರದ್ದಕ್ಕ ಹೊಡೀತಾಳ ಅಂತ ನಮಗರ ಹೆಂಗ ತಿಳೀಬೇಕು? ಬೈಸಿಕೊಂಡ್ಲು ಪಾಪ. ಫಿಟ್ಸ್ ಅಂತ ನಾವು ಕಣ್ಣಿಲೆ ಕಂಡಿದ್ದು ಬರೇ ಎರಡು ಸಲ, ಅದೂ ನಿದ್ದಿಯೊಳಗ.

ತಲಿಗೆ ತಂತಿ ಹಚ್ಚಿ ಮೆದುಳಿನ ವಿದ್ಯುತ್ ನೋಡೂ ಪರೀಕ್ಷೆ ಐತಲ್ಲ, ಇಇಜಿ, ಹಗಲಿನ ಇಇಜಿಯೊಳಗ ಅಷ್ಟೇನೂ ಸಿಗಲಿಲ್ಲ. ಒಬ್ರು ಡಾಕ್ಟರ್ ಇಡೀ ರಾತ್ರಿ ನಿದ್ದಿಯೊಳಗ ಇಇಜಿ ಮಾಡಿಸ್ಯಾರ. ಆಗ ಗೊತ್ತಾತು, ಹುಡುಗಿ ಕಣ್ಣು ಮುಚ್ಚಿದ ಕೂಡಲೇ ಮೆದುಳಿನ್ಯಾಗ ಮಿಂಚು ಶುರು, ಬೆಳತನಕಾ ಬಿಡುವಿಲ್ಲ. ಮೈ ಅಲುಗಾಡಂಗಿಲ್ಲ, ಏನಿಲ್ಲ. ಲ್ಯಾಂಡೌ-ಕ್ಲೆಫ್ನರ್ ಸಿಂಡ್ರೋಮ್ ಅಂತ ಅದರ ಹೆಸರು. ಲ್ಯಾಂಡೌ, ಕ್ಲೆಫ್ನರ್ ಅನ್ನೋ ಇಬ್ರು 1957ರಾಗ ಬರೆದಿಟ್ಟಾರಂತ. ಸ್ಟೀರಾಯ್ಡ್ ಕೊಟ್ರು, ಸ್ಪೀಚ್ ಥೆರಪಿ ಮಾಡಿಸಿದ್ವಿ. ಈಗ ಹನ್ನೊಂದು. ಮಾತು ಬಂದೈತಿ, ಪೂರಾ ಅಲ್ಲ. ಗದ್ದಲದಾಗ ಹೇಳಿದ್ದು ತಿಳಿಯಂಗಿಲ್ಲ. ಹೆಸರು ಮಾತ್ರ ಇಲ್ಲಿ ಮಾತಿನಮಲ್ಲಿ ಅಂತನ ಇಟ್ಟೀನಿ.

ಅಕ್ಕಾರ, ನಿಮ್ಮ ಹುಡುಗಗ ಇದೇ ಐತಿ ಅಂತ ನಾ ಹೇಳಾಕತ್ತಿಲ್ಲ. ಕಲತದ್ದು ಉದುರಾಕತ್ತಿದ್ರ ನಿದ್ದಿ ಇಇಜಿ ಬಗ್ಗೆ ಒಮ್ಮೆ ಬಾಯಿ ಬಿಟ್ಟು ಕೇಳ್ರಿ.

ಅಳತೆಪಟ್ಟಿ:
ಇವರು ಹೇಳಿದ್ದರಲ್ಲಿ ಒಂದು ಗೆರೆ ಎಳೆದು ತೋರಿಸುತ್ತೇನೆ. ಕಲಿಯಲು ನಿಧಾನವಾಗುವುದು ಒಂದು. ಬಂದಿದ್ದ ಮಾತು, ಬಂದಿದ್ದ ಓದು, ಬಂದಿದ್ದ ನಡಿಗೆ ವಾಪಸ್ ಹೋಗುವುದು ಬೇರೆ. ಎರಡನೆಯದು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಲ್ಯಾಂಡೌ-ಕ್ಲೆಫ್ನರ್ ಅಪರೂಪ. ಆದರೆ ನಿದ್ದೆಯಲ್ಲಿ ಹೆಚ್ಚುವ ಸ್ಪೈಕ್‌ಗಳು, ಅಂದರೆ ಇಇಜಿಯಲ್ಲಿ ಕಾಣುವ ಆ ಮಿಂಚುಗಳು, ಅಷ್ಟು ಅಪರೂಪವಲ್ಲ. ರೋಲ್ಯಾಂಡಿಕ್ ಅನ್ನುವ, ಹದಿಹರೆಯದ ಹೊತ್ತಿಗೆ ತಾನಾಗಿ ನಿಲ್ಲುವ ಮೂರ್ಛೆಯಲ್ಲೂ ಇವು ಇರುತ್ತವೆ. ಅದನ್ನು ಮೊದಲು "ನಿರುಪದ್ರವಿ" ಅಂತಲೇ ಕರೆಯುತ್ತಿದ್ದರು. ಆ ಮಕ್ಕಳಲ್ಲೂ ಕೆಲವರಿಗೆ ಓದು, ಭಾಷೆಯಲ್ಲಿ ಎಡವಟ್ಟು ಕಂಡ ಮೇಲೆ ಆ ಪದವನ್ನು ಈಗ ಬಿಟ್ಟಿದ್ದಾರೆ.

ತಾರೆ:
ಎಷ್ಟು ದಿನದಿಂದ ಓದ್ತಾ ಇದ್ದೆ, ಬರೀಬೇಕಾ ಬೇಡವಾ ಅಂತ. ಎಲ್ಲರೂ ಮಗ್ಗಿ ಬಗ್ಗೆ ಮಾತಾಡ್ತಿದ್ದೀರಿ. ನನ್ನ ಮಗನಿಗೆ ಒಂಬತ್ತು. ಅಮ್ಮ ಅಂತ ಇನ್ನೂ ಕರೆದಿಲ್ಲ.

ಐದು ತಿಂಗಳ ಕೂಸಿದ್ದಾಗ ಎದ್ದ ತಕ್ಷಣ ತಲೆ ಮುಂದಕ್ಕೆ ಬಾಗಿ ಕೈ ಅಗಲಿಸೋದು, ಮತ್ತೆ ಮತ್ತೆ, ಸಾಲಾಗಿ. ಹೊಟ್ಟೆನೋವು ಅಂದ್ರು. ಬೆಚ್ಚಿ ಬೀಳೋದು ಅಂದ್ರು. ಎರಡೂವರೆ ತಿಂಗಳು ಹಾಗೇ ಕಳೀತು. ಆಮೇಲೆ ಒಬ್ಬರು ನನ್ನ ಫೋನಲ್ಲಿದ್ದ ವಿಡಿಯೋ ನೋಡಿ ಕೂತಲ್ಲೇ ಹೇಳಿದ್ರು, ವೆಸ್ಟ್ ಸಿಂಡ್ರೋಮ್. ಆ ವೆಸ್ಟ್ ಅನ್ನೋರು ಡಾಕ್ಟರ್ರೇ ಅಂತೆ, 1841ರಲ್ಲಿ ತಮ್ಮ ಸ್ವಂತ ಮಗುವಿಗೆ ಬರ್ತಿದ್ದನ್ನ ವೈದ್ಯರ ಪತ್ರಿಕೆಗೆ ಪತ್ರ ಬರೆದು ಯಾರಿಗಾದ್ರೂ ಗೊತ್ತಾ ಅಂತ ಕೇಳಿದ್ರಂತೆ. ಅವರೂ ಒಬ್ಬ ಅಪ್ಪ, ನಮ್ಮ ಹಾಗೇ ಊರೆಲ್ಲ ಕೇಳ್ಕೊಂಡು ತಿರುಗಿದವರು.

ನಮಗೆ ಇಂಜೆಕ್ಷನ್ ಕೊಟ್ರು, ಸೆಳೆತ ನಿಂತ್ವು. ಬೇಗ ಗೊತ್ತಾಗಿದ್ರೆ ಮಗು ಬೇರೆ ಥರ ಇರ್ತಿತ್ತಾ ಅಂತ ಯಾರನ್ನ ಕೇಳ್ಲಿ. ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ಸುಮ್ನೆ, ನಮ್ಮಂಥವರೂ ಇದ್ದೀವಿ ಅಂತ ಹೇಳೋಕೆ ಬರೆದೆ.

ನಿದ್ದೆಗೆಟ್ಟ ಅಮ್ಮ:
ತಾರೆ, ಏನು ಬರೀಬೇಕು ಅಂತ ತೋಚ್ತಿಲ್ಲ. ನಾಲ್ಕು ಸಲ ಬರೆದು ಅಳಿಸಿದೆ. ನಿಮ್ಮ ಮಗ ಏನು ಇಷ್ಟಪಡ್ತಾನೆ?

ತಾರೆ:
ಫ್ಯಾನ್. ಫ್ಯಾನ್ ನಿಧಾನಕ್ಕೆ ನಿಲ್ಲೋದನ್ನ ನೋಡೋದು. ಪೂರ್ತಿ ನಿಂತಾಗ ನಗ್ತಾನೆ. ಕೇಳಿದ್ದಕ್ಕೆ ಥ್ಯಾಂಕ್ಸ್, ಯಾರೂ ಇದನ್ನ ಕೇಳಲ್ಲ.

ಅಳತೆಪಟ್ಟಿ:
ತಾರೆ ಅವರೇ, "ಬೇಗ ಗೊತ್ತಾಗಿದ್ದರೆ" ಎನ್ನುವುದಕ್ಕೆ ಪ್ರಾಮಾಣಿಕವಾಗಿ ಹೇಳುತ್ತೇನೆ. ಶಿಶುಗಳ ಈ ಸೆಳೆತದಲ್ಲಿ ಬೇಗ ಚಿಕಿತ್ಸೆ ಶುರುವಾದಷ್ಟೂ ಒಳ್ಳೆಯದು, ಅದು ನಿಜ. ಆದರೆ ಸೆಳೆತಕ್ಕೆ ಮೂಲವಾದ ಕಾರಣವೇ ಮುಂದಿನ ಬೆಳವಣಿಗೆಯ ದೊಡ್ಡ ಪಾಲನ್ನು ತೀರ್ಮಾನಿಸುತ್ತದೆ. ಹುಟ್ಟುವ ಹೊತ್ತಿಗೆ ಮೆದುಳಿಗಾದ ಪೆಟ್ಟೋ, ಮೆದುಳು ರೂಪುಗೊಳ್ಳುವಾಗಿನ ದೋಷವೋ, ವಂಶವಾಹಿಯ ಬದಲಾವಣೆಯೋ ಇದ್ದರೆ ಮೊದಲ ದಿನವೇ ಔಷಧಿ ಕೊಟ್ಟರೂ ಕಷ್ಟ ಉಳಿಯಬಹುದು. ವಿಡಿಯೋ ತೆಗೆದಿಟ್ಟದ್ದು ನೀವು. ಪತ್ತೆಯಾದದ್ದು ಅದರಿಂದ.

ನಿದ್ದೆಗೆಟ್ಟ ಅಮ್ಮ:
ಐದು ವಾರ ಆಯ್ತು, ಏನಾಯ್ತು ಅಂತ ಹೇಳ್ಬೇಕಲ್ಲ.

ಈ ಸಲ ಬರೆದುಕೊಂಡು ಹೋದೆ. ಯಾವ ದಿನ ಏನು ಮರೆತ, ಎಷ್ಟು ಹೊತ್ತಿಗೆ ಮಲಗಿದ, ಟೀಚರ್ ಡೈರಿಯಲ್ಲಿ ಏನು ಬರೆದ್ರು, ಮೂರು ಪುಟ. "ಓದು ಸರಿ ಇಲ್ಲ" ಅಂತ ಬಾಯಲ್ಲಿ ಹೇಳಿದಾಗ ಒಂದು ನಿಮಿಷ ಸಿಕ್ಕಿತ್ತು. ಕಾಗದ ಮುಂದಿಟ್ಟಾಗ ಇಪ್ಪತ್ತು ನಿಮಿಷ ಕೂರಿಸಿಕೊಂಡ್ರು, ಅದೇ ಡಾಕ್ಟರು. ನಿದ್ದೆ ಇಇಜಿ ಮಾಡಿಸಿದ್ವಿ, ಮಾತಿನಮಲ್ಲಿ ಅಪ್ಪ ಅವರೇ, ಶುದ್ಧವಾಗಿದೆ. ಅವತ್ತು ರಾತ್ರಿ ಎಷ್ಟೋ ದಿನದ ಮೇಲೆ ನಿದ್ದೆ ಮಾಡಿದೆ. ರಕ್ತದಲ್ಲಿ ಮಾತ್ರೆಯ ಪ್ರಮಾಣ, ಈ ಮಾತ್ರೆಯಿಂದ ಏರಬಹುದಾದ ಅಮೋನಿಯ ಎರಡನ್ನೂ ನೋಡಿದ್ರು, ಅದೂ ಸರಿ ಇದೆ. ಕಣ್ಣು, ಕಿವಿ ಕೂಡ ನೋಡಿಸಿ ಅಂದ್ರು.

ಕಲಿಕೆಯ ಪರೀಕ್ಷೆ ಎರಡು ದಿನ ನಡೀತು. ಮಾತಿನ ತಿಳುವಳಿಕೆ ಅವನ ವಯಸ್ಸಿಗಿಂತ ಒಂದು ಕೈ ಮೇಲೇ ಇದೆ! ಕಾರ್ಯಸ್ಮರಣೆ ಮತ್ತು ವೇಗ ತುಂಬಾ ಕೆಳಗೆ. ಆರು ಅಂಕಿ ಹೇಳಿದ್ರೆ ಮೂರು ವಾಪಸ್ ಬರುತ್ತೆ. ಗಮನದ ತೊಂದರೆ ಬೇರೆಯಾಗಿ ಇದೆಯಾ ಅಂತ ಇನ್ನೊಮ್ಮೆ ನೋಡ್ತಾರಂತೆ. ಮಾತ್ರೆ ಎಥೊಸುಕ್ಸಿಮೈಡ್‌ಗೆ ಬದಲಾಯಿಸೋ ಮಾತು ಬಂತು. ಅದು ಅಬ್ಸೆನ್ಸ್ ತಡೆಯುತ್ತೆ, ಬಿದ್ದು ಒದ್ದಾಡೋ ದೊಡ್ಡ ಫಿಟ್ಸ್ ತಡೆಯಲ್ಲ, ಅವನಿಗೆ ಅದು ಯಾವತ್ತೂ ಬಂದಿಲ್ಲವಾದ್ದರಿಂದ ಯೋಚಿಸಬಹುದು ಅಂದ್ರು. ಪರೀಕ್ಷೆ ಮುಗಿದ್ಮೇಲೆ, ರಜದಲ್ಲಿ, ನಿಧಾನಕ್ಕೆ. ಮಧ್ಯದಲ್ಲಿ ಮತ್ತೆ ಬಂದ್ರೆ ಅಂತ ಹೆದರಿಕೆ ಇದೆ.

ವರದಿ ಬಂದ ದಿನ ಅವರಪ್ಪ ಒಂದೂ ಮಾತಾಡ್ಲಿಲ್ಲ. ರಾತ್ರಿ ನೋಡಿದ್ರೆ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸ್ತಿದ್ದಾರೆ. ಚೀಲ, ಕೈ, ಡೈರಿ, ಮೂರೂ ಚಿತ್ರ ಬರೆದು. ಸೋಮಾರಿ ಅಂತ ಅಂದವರು ಅವರೇ.

ಏಳರ ಮಗ್ಗಿ ಇನ್ನೂ ಏಳ್ನಾಲ್ಕರಲ್ಲೇ ಇದೆ. ಆದ್ರೆ ಏಳ್ನಾಲ್ಕು ಮೂರು ವಾರದಿಂದ ಎಲ್ಲೂ ಹೋಗಿಲ್ಲ.

ನಾನೂ ಆ ಹುಡುಗ:
ವರದಿಯಲ್ಲಿ ಚೆನ್ನಾಗಿರುವುದನ್ನು ಅವನಿಗೂ ಓದಿ ಹೇಳಿ. ನನ್ನ ವರದಿಯನ್ನು ನಾನು ನೋಡಿದ್ದು ಮೂವತ್ತರಲ್ಲಿ.

ಸೀದಾಮಾತು:
ಬದಲಾಯಿಸುವಾಗ ವಾರಕ್ಕೊಂದು ಸಲ ಇಲ್ಲಿ ಬರೀರಿ. ರಾತ್ರಿ ಹನ್ನೆರಡಕ್ಕೂ ನಾನು ಎದ್ದಿರ್ತೀನಿ.

ತಾರೆ:
ಆ ಬಾಗಿಲ ಹಾಳೆಯ ಫೋಟೋ ಹಾಕ್ತೀರಾ? ನಮ್ಮವನಿಗೆ ಮೂರು ಜಾಸ್ತಿ. ಒಂದು ಚಿತ್ರ ಇಟ್ಟು ನೋಡೋಣ ಅಂತ.

ಸೀಮೆಸುಣ್ಣ:
ತಾರೆ, ಒಂದೇ ಆದ್ರೆ ಫ್ಯಾನ್ ಚಿತ್ರ ಇಡಿ. ಬರೆದ ಚಿತ್ರ ಬೇಡ, ನಿಮ್ಮ ಮನೆ ಫ್ಯಾನಿನದ್ದೇ ಫೋಟೋ, ಹಿಂದೆ ಬೇರೇನೂ ಕಾಣದ ಹಾಗೆ. ಅವನು ಅದನ್ನ ಮುಟ್ಟಿದ ತಕ್ಷಣ ಸ್ವಿಚ್ ಆರಿಸಿ, ಒಂದು ಸೆಕೆಂಡೂ ತಡ ಮಾಡಬೇಡಿ. ಮೊದಮೊದಲು ನೀವೇ ಕೈ ಹಿಡಿದು ಮುಟ್ಟಿಸಬೇಕಾಗುತ್ತೆ. ಎಷ್ಟು ಸಲ ಅಂತ ಎಣಿಸಬೇಡಿ, ಅವನ ಸ್ವಿಚ್ ಬೋರ್ಡ್ ಎತ್ತರ ಎಷ್ಟು, ಕೈಗೆ ಎಟುಕುತ್ತಾ ಅದನ್ನ ಹೇಳಿ ಮೊದಲು.

ತಾರೆ:
ಎಟುಕಲ್ಲ. ಸ್ಟೂಲ್ ಮೇಲೆ ನಿಲ್ಲಿಸಿದ್ರೆ ಎಟುಕುತ್ತೆ, ಆದ್ರೆ ಬೀಳ್ತಾನೇನೋ ಅಂತ ಭಯ.

ಸೀಮೆಸುಣ್ಣ:
ಸ್ಟೂಲ್ ಬೇಡ. ಫೋಟೋ ಕೆಳಗೆ, ಅವನ ಎದೆಮಟ್ಟಕ್ಕೆ ಅಂಟಿಸಿ. ಸ್ವಿಚ್ ನಿಮ್ಮ ಕೈಯಲ್ಲಿರಲಿ.